ಸ್ಮಿತ್ ಎಂದರೆ ಕಮ್ಮಾರ

ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಕುಂಬಾರ ಎಂಬ ಅಡ್ಡಹೆಸರುಗಳನ್ನು ಕೇಳಿ ಬೆಳೆದವರಿಗೆ ಇಂಗ್ಲೆಂಡಿನ ಸ್ಮಿತ್ ಹೊಸಬನೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ಸ್ಮಿತ್ ಎಂದರೆ ಲೋಹದ ಕೆಲಸದವನು, ಮುಖ್ಯವಾಗಿ ಕಮ್ಮಾರ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ ಮೂರೂ ದೇಶಗಳಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದೇ. ಹಾಗಾದರೆ ಹಿಂದಿನ ಇಂಗ್ಲೆಂಡಿನ ತುಂಬ ಕಮ್ಮಾರರೇ ಇದ್ದರೇ?

ಇರಲಿಲ್ಲ. ಕಾರಣ ಇದಕ್ಕೆ ತದ್ವಿರುದ್ಧವಾದುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಜಾನ್, ವಿಲಿಯಂ, ರಾಬರ್ಟ್ ಮುಂತಾದ ಕೆಲವೇ ಹೆಸರುಗಳು ಎಲ್ಲೆಡೆ ಬಳಕೆಗೆ ಬಂದವು. ಒಂದೇ ಹಳ್ಳಿಯಲ್ಲಿ ನಾಲ್ವರು ಜಾನ್‌ಗಳಿದ್ದರೆ ಕಂದಾಯ ಬರೆಯುವವನು ಗುರುತು ಹಿಡಿಯುವುದು ಹೇಗೆ? ‘ಉಳುವ ಜಾನ್’ ಎಂದರೆ ಪ್ರಯೋಜನವಿಲ್ಲ, ಊರಿಗೆ ಊರೇ ಉಳುತ್ತಿತ್ತು. ಕುಲುಮೆ ಇದ್ದದ್ದು ಮಾತ್ರ ಒಬ್ಬನ ಮನೆಯಲ್ಲಿ. ನೇಗಿಲಿನ ಗುಳಕ್ಕೆ, ಕುದುರೆಯ ಲಾಳಕ್ಕೆ, ಬಾಗಿಲ ಚಿಲಕಕ್ಕೆ ಎಲ್ಲರೂ ಅವನಲ್ಲಿಗೇ ಹೋಗಬೇಕು. ಊರಿಗೊಬ್ಬನೇ ಕಮ್ಮಾರ, ಆದರೆ ಪ್ರತಿ ಊರಿಗೂ ಒಬ್ಬ! ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂತಹ ಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿದವು. ಮಗ ದರ್ಜಿಯಾದರೂ ಸ್ಮಿತ್ತೇ.

ವೇಲ್ಸ್‌ನಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗುವ ರೂಢಿ. ಆದ್ದರಿಂದ ಅಲ್ಲಿ ಜೋನ್ಸ್, ಡೇವಿಸ್‌ಗಳದೇ ಮೇಲುಗೈ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಭಾಷೆಯ ಕಮ್ಮಾರ ‘ಗೋ’ ಎನಿಸಿಕೊಂಡಿದ್ದ. ಅವರಲ್ಲಿ ಹಲವರು ಮುಂದೆ ಸ್ಮಿತ್ ಎಂದು ಬರೆಸಿದರು. ಅಮೆರಿಕಕ್ಕೆ ಹೋದ ಜರ್ಮನ್ ಶ್ಮಿಟ್‌ಗಳಲ್ಲೂ ಅನೇಕರು ಹೀಗೆಯೇ ಮಾಡಿದರು.

ಆ ಅಮೆರಿಕದಲ್ಲಿ 2010ರ ಜನಗಣತಿಯ ಪ್ರಕಾರ ಸ್ಮಿತ್‌ಗಳ ಸಂಖ್ಯೆ 24 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಸುಮಾರು ನೂರಕ್ಕೆ 23 ಮಂದಿ ಕಪ್ಪು ಜನ. ಇಂಗ್ಲೆಂಡಿನ ಯಾವ ಕುಲುಮೆಗೂ ಇವರಲ್ಲಿ ಬಹುಪಾಲು ಜನರ ಪೂರ್ವಿಕರಿಗೂ ಸಂಬಂಧವಿಲ್ಲ. ಆಫ್ರಿಕದಿಂದ ಹಿಡಿದು ತಂದವರ ಸ್ವಂತ ಹೆಸರುಗಳು ಗುಲಾಮಗಿರಿಯಲ್ಲಿ ಅಳಿಸಿಹೋದವು. 1865ರಲ್ಲಿ ಬಿಡುಗಡೆಯಾದಾಗ ಕೆಲವರು ಯಜಮಾನನ ಮನೆತನದ ಹೆಸರನ್ನು ಇಟ್ಟುಕೊಂಡರು, ಕೆಲವರು ಹಿಂದಿನ ಯಜಮಾನನದನ್ನು, ಇನ್ನು ಕೆಲವರು ತಮಗೆ ಇಷ್ಟವಾದುದನ್ನು. ಅವರನ್ನು ನಕಲು ಮಾಡಿದವರೆಂದು ಹಗುರವಾಗಿ ಹೇಳುವವರಿದ್ದಾರೆ. ಅದು ಸರಿಯಲ್ಲ. ಮಾರಾಟವಾಗಿ ಚದುರಿಹೋದ ತಾಯಿ, ತಮ್ಮಂದಿರು ಎಂದಾದರೂ ಹುಡುಕಿಕೊಂಡು ಬಂದರೆ ಗುರುತಿಗೆ ಏನಾದರೂ ಬೇಕಿತ್ತಲ್ಲ?

ಇಂದು ಅವರ ವಂಶಜರು ಹಿರಿಯರನ್ನು ಹುಡುಕುತ್ತ ಹೋದರೆ 1870ರ ಜನಗಣತಿಯವರೆಗೆ ದಾರಿ ಸಿಗುತ್ತದೆ. ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಎಣಿಸಿದ್ದು ಆಗಲೇ ಮೊದಲು. ಅದಕ್ಕೂ ಹಿಂದೆ ಹೋಗಬೇಕಾದರೆ ಯಜಮಾನನ ಉಯಿಲು, ಕ್ರಯಪತ್ರಗಳನ್ನೇ ತಡಕಬೇಕು. ಆತನೂ ಸ್ಮಿತ್ ಆಗಿದ್ದರೆ ಯಾವ ಸ್ಮಿತ್ ಎಂಬುದೇ ತೊಡಕು. 1850 ಮತ್ತು 1860ರ ಗುಲಾಮರ ಪಟ್ಟಿಗಳೇನೋ ಉಳಿದಿವೆ. ಆದರೆ ಅವುಗಳಲ್ಲಿ ಯಜಮಾನನ ಹೆಸರಿನ ಕೆಳಗೆ, ಸಾಲುಸಾಲಾಗಿ, ಬಹುಮಟ್ಟಿಗೆ ಇರುವುದು ಇಷ್ಟೇ: ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ.