ಕಾರಿನ ಬೆಲ್ಟಿಗೊಂದು ಸ್ಪ್ರಿಂಗು: ಆಲ್ಟರ್ನೇಟರ್ ಪುಲ್ಲಿ ನಡೆದು ಬಂದ ದಾರಿ

ಕೆನಡಾದಲ್ಲಿ ನೆಲೆಸಿರುವ ನಮ್ಮಲ್ಲಿ ಕಾರಿಲ್ಲದೆ ಸಂಸಾರ ತೂಗಿಸುವವರು ಕಡಿಮೆ. ಜನವರಿಯ ಚಳಿಯಲ್ಲಿ ಕಾರು ಒಮ್ಮೆ ಹೊರಟರೆ ಸಾಕು ಎಂದು ದೇವರನ್ನು ನೆನೆಯುವ ನಾವು, ಹೊರಟ ಮೇಲೆ ದೀಪ, ಹೀಟರಿನ ಫ್ಯಾನು, ವೈಪರು, ಹಿಂದಿನ ಗಾಜಿನ ಮಂಜು ಕರಗಿಸುವ ತಂತಿ ಇವಕ್ಕೆಲ್ಲ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ಯೋಚಿಸುವುದಿಲ್ಲ. ಬರುವುದು ಆಲ್ಟರ್ನೇಟರಿನಿಂದ. ಎಂಜಿನ್ನು ಒಂದು ರಬ್ಬರ್ ಬೆಲ್ಟಿನ ಮೂಲಕ ಆಲ್ಟರ್ನೇಟರಿನ ಮೂಗಿನ ಮೇಲಿರುವ ಪುಲ್ಲಿಯನ್ನು ತಿರುಗಿಸುತ್ತದೆ, ಒಳಗಿನ ರೋಟರು ತಿರುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ.

ಬಹುಕಾಲ ಈ ಪುಲ್ಲಿ ಬರೀ ಗಟ್ಟಿ ಲೋಹದ ಗಾಲಿಯಾಗಿತ್ತು. ಇಂದು ಅನೇಕ ಕಾರುಗಳಲ್ಲಿ ಅದರ ಹೊಟ್ಟೆಯೊಳಗೆ ಒಂದು ಸ್ಪ್ರಿಂಗು ಕುಳಿತಿದೆ. ಈ ಸ್ಪ್ರಿಂಗು ಏಕೆ ಬಂತು, ಬರಲು ಅಷ್ಟು ಕಾಲ ಏಕೆ ಹಿಡಿಯಿತು ಎಂಬುದನ್ನು ಇಲ್ಲಿ ಹೇಳಹೊರಟಿದ್ದೇವೆ. ಹೇಳಲು ಎರಡು ಕಾರಣಗಳಿವೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಟೊರಾಂಟೊ ಪಕ್ಕದಲ್ಲೇ. ಇನ್ನೊಂದು, ಈ ಪುಲ್ಲಿಯ ಗುಟ್ಟು ತಿಳಿಯದಿದ್ದರೆ ಗ್ಯಾರೇಜಿನಲ್ಲಿ ನೂರು ಡಾಲರು ಉಳಿಸಲು ಹೋಗಿ ಸಾವಿರ ಡಾಲರು ಕಳೆದುಕೊಳ್ಳುವ ಸಂಭವವಿದೆ.

ನೀರಿನ ಓಟ, ಎಂಜಿನ್ನಿನ ಗುದ್ದು

ವಿದ್ಯುತ್ತು ಹುಟ್ಟಿಸುವ ಯಂತ್ರಕ್ಕೆ ಬೇಕಾದದ್ದು ಒಂದೇ ಸಮನಾದ ತಿರುಗುವಿಕೆ. ಈ ಭಾಗ್ಯ ನಮ್ಮ ಶಿವನಸಮುದ್ರದ ಯಂತ್ರಗಳಿಗೆ ಮೊದಲಿನಿಂದಲೂ ಇತ್ತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ, ಯಂತ್ರಗಳನ್ನು ತಿರುಗಿಸಿದ್ದು ಕಾವೇರಿಯ ನೀರು. ನೀರು ಬಿಟ್ಟು ಬಿಟ್ಟು ತಳ್ಳುವುದಿಲ್ಲ, ಒಂದೇ ಸಮನೆ ತಳ್ಳುತ್ತದೆ.

ಪಿಸ್ಟನ್ ಎಂಜಿನ್ನಿನ ಸ್ವಭಾವ ಬೇರೆ. ಅದು ಗುದ್ದಿ ಗುದ್ದಿ ತಿರುಗಿಸುತ್ತದೆ. ಸಿಲಿಂಡರಿನಲ್ಲಿ ಉರಿ ಹೊತ್ತಿದಾಗ ಒಂದು ನೂಕು, ಆಮೇಲೆ ಮುಂದಿನ ಸಿಲಿಂಡರಿನ ಗಾಳಿಯನ್ನು ಒತ್ತುವಾಗ ಒಂದು ತಡೆ, ಮತ್ತೆ ನೂಕು. ಊರಿನ ಹಿಟ್ಟಿನ ಗಿರಣಿಯ ಆಯಿಲ್ ಎಂಜಿನ್ನನ್ನು ನೋಡಿದವರಿಗೆ ಅದರ ಪಕ್ಕದಲ್ಲಿದ್ದ ದೊಡ್ಡ ಎರಕದ ಚಕ್ರ ನೆನಪಿರಬಹುದು. ಅದು ಫ್ಲೈವೀಲು. ಗುದ್ದು ಬಿದ್ದಾಗ ಶಕ್ತಿಯನ್ನು ತನ್ನಲ್ಲಿಟ್ಟುಕೊಂಡು, ಗುದ್ದುಗಳ ನಡುವೆ ಹಿಂದಿರುಗಿಸುವುದು ಅದರ ಕೆಲಸ. ಅಂದರೆ ಏರುಪೇರನ್ನು ಭಾರದಿಂದ ಅದುಮುವುದು ಹಳೆಯ ಉಪಾಯ.

ಎಡಿಸನ್ನನ ಜಂಬೋಗಳು

ಈ ಗುದ್ದಿನ ಕಾಟವನ್ನು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದ ಮೊದಲಿಗರಲ್ಲಿ ಥಾಮಸ್ ಎಡಿಸನ್ ಒಬ್ಬ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಕೆಲಸ ಆರಂಭಿಸಿತು. ಅಲ್ಲಿನ ಡೈನಮೋಗಳಿಗೆ ಆ ವರ್ಷ ಅಮೆರಿಕಕ್ಕೆ ಬಂದಿದ್ದ ಸರ್ಕಸ್ ಆನೆ ಜಂಬೋನ ಹೆಸರು. ಉಗಿ ಎಂಜಿನ್ನೂ ಸೇರಿ ಒಂದೊಂದರ ತೂಕ ಸುಮಾರು 27 ಟನ್ನು. ಎಂಜಿನ್ನಿಗೂ ಡೈನಮೋಗೂ ನಡುವೆ ಬೆಲ್ಟು ಇರಲಿಲ್ಲ, ನೇರ ಜೋಡಣೆ.

ಒಂದೇ ಯಂತ್ರ ಓಡಿದಾಗ ತೊಂದರೆಯಿರಲಿಲ್ಲ. ಆರಂಭಕ್ಕೆ ಮುಂಚೆ ಎರಡನ್ನು ಒಟ್ಟಿಗೆ ಜೋಡಿಸಿ ಓಡಿಸಿ ನೋಡಿದಾಗ ಭೂತ ಬಡಿದಂತಾಯಿತು. ಒಂದು ಯಂತ್ರ ವೇಗ ಹೆಚ್ಚಿಸಿಕೊಂಡರೆ ಇನ್ನೊಂದು ನಿಧಾನವಾಗುವುದು, ಆಮೇಲೆ ನಿಧಾನವಾದದ್ದು ಓಡುವುದು, ಓಡಿದ್ದು ತಗ್ಗುವುದು. ಒಂದು ಡೈನಮೋ ಇನ್ನೊಂದನ್ನು ಮೋಟಾರಿನಂತೆ ತಿರುಗಿಸತೊಡಗಿತು. ಕಟ್ಟಡವೇ ನಡುಗಿತು. ಎಡಿಸನ್ ಎರಡೂ ಎಂಜಿನ್ನುಗಳ ವೇಗನಿಯಂತ್ರಕಗಳನ್ನು ಒಂದು ಕಬ್ಬಿಣದ ದಂಡದಿಂದ ಕಟ್ಟಿಹಾಕಿದ. ದಂಡ ತಾನೇ ತಿರುಚಿಕೊಂಡು ಮತ್ತೆ ತೊಂದರೆ. ಆಗ ದಂಡವನ್ನು ಒಂದು ಕೊಳವೆಯೊಳಗೆ ಹಾಕಿ, ಎರಡನ್ನೂ ವಿರುದ್ಧ ದಿಕ್ಕಿಗೆ ತಿರುಚಿ ಬಿಗಿಗೊಳಿಸಿ ತಿರುಚುವಿಕೆ ಇಲ್ಲದಂತೆ ಮಾಡಿದ. ಕೊನೆಗೆ ಎಂಜಿನ್ನುಗಳನ್ನೇ ಬದಲಿಸಿ ಆರ್ಮಿಂಗ್ಟನ್ ಅಂಡ್ ಸಿಮ್ಸ್ ಕಂಪನಿಯವುಗಳನ್ನು ತರಿಸಬೇಕಾಯಿತು.

ಅಂದಿನ ತಂತ್ರಜ್ಞರಿಗೆ ತಿರುಚುವಿಕೆ ಶತ್ರು. ಬಿಗಿ ಮಾಡು, ಭಾರ ಹೆಚ್ಚಿಸು ಎಂಬುದೇ ಮಂತ್ರ. ಇದು ತಪ್ಪೇನಲ್ಲ. ವಿದ್ಯುದಾಗಾರದ ನೆಲದ ಮೇಲೆ ಎಷ್ಟು ಟನ್ನು ಬೇಕಾದರೂ ಇಡಬಹುದು. ಕಾರಿನೊಳಗೆ ಇಡಲಾಗದು, ಅಷ್ಟೆ.

ಡೈನಮೋ ಹೋಗಿ ಆಲ್ಟರ್ನೇಟರ್ ಬಂತು

1912ರಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಕಾರಿನಲ್ಲಿ ಬ್ಯಾಟರಿಯೂ, ಅದನ್ನು ತುಂಬಿಸುವ ಯಂತ್ರವೂ ನೆಲೆಯಾದವು. ಅಂದಿನ ಡೈನಮೋದಲ್ಲಿ ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉರುಳೆಯಿತ್ತು. ಅತಿ ವೇಗವಾಗಿ ತಿರುಗಿಸಿದರೆ ಅದು ಕಿಡಿ ಹಾರಿಸಿ ಹಾಳಾಗುತ್ತಿತ್ತು. ಆದ್ದರಿಂದ ಡೈನಮೋವನ್ನು ಹದವಾದ ವೇಗದಲ್ಲೇ ಓಡಿಸುತ್ತಿದ್ದರು. 1917ರಲ್ಲಿ ಜಾನ್ ಗೇಟ್ಸ್ ರೂಪಿಸಿದ ವಿ ಆಕಾರದ ರಬ್ಬರ್ ಬೆಲ್ಟು ಬಂದ ಮೇಲೆ ಸಣ್ಣಪುಟ್ಟ ಗುದ್ದುಗಳನ್ನು ಬೆಲ್ಟೇ ಹಿಗ್ಗಿ, ಜಾರಿ ನುಂಗಿಕೊಳ್ಳುತ್ತಿತ್ತು.

ಸಿಲಿಕಾನ್ ಡಯೋಡುಗಳು ಅಗ್ಗವಾದಾಗ ಕಮ್ಯುಟೇಟರಿನ ಹಂಗು ತಪ್ಪಿತು. ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಅಳವಡಿಸಿತು. ಎಂಜಿನ್ನಿನ ಎರಡೂವರೆ ಮೂರು ಪಟ್ಟು ವೇಗದಲ್ಲಿ ಇದನ್ನು ಓಡಿಸಬಹುದು. ಕಾರು ಸಿಗ್ನಲ್ಲಿನಲ್ಲಿ ನಿಂತಿರುವಾಗಲೂ ಬ್ಯಾಟರಿ ತುಂಬುತ್ತದೆ. ಇದು ದೊಡ್ಡ ಲಾಭ.

ಲಾಭದ ಜೊತೆಗೆ ಒಂದು ಸಾಲವೂ ಬಂತು. ಪುಲ್ಲಿ ಚಿಕ್ಕದು ಮಾಡಿ ರೋಟರನ್ನು ಮೂರು ಪಟ್ಟು ವೇಗವಾಗಿ ತಿರುಗಿಸಿದರೆ, ಅದರ ಜಡತ್ವ ಎಂಜಿನ್ನಿಗೆ ಮೂರು ಪಟ್ಟಲ್ಲ, ಮೂರರ ವರ್ಗ, ಅಂದರೆ ಒಂಬತ್ತು ಪಟ್ಟಾಗಿ ತಟ್ಟುತ್ತದೆ. ಬೆಲ್ಟಿನ ಮೇಲಿರುವ ಎಲ್ಲ ಯಂತ್ರಗಳಲ್ಲಿ ಅತ್ಯಂತ ಹಟಮಾರಿ ಎಂದರೆ ಆಲ್ಟರ್ನೇಟರೇ. ಎಂಜಿನ್ನು ಮುನ್ನುಗ್ಗಿದರೆ ಇದು ಹಿಂದೆ ಜಗ್ಗುತ್ತದೆ. ಎಂಜಿನ್ನು ತಡೆದರೆ ಇದು ನಿಲ್ಲದೆ ಮುಂದೆ ಓಡಿ ಬೆಲ್ಟನ್ನೇ ಎಳೆಯುತ್ತದೆ.

ಒಂದೇ ಬೆಲ್ಟಿಗೆ ಎಲ್ಲರೂ

1979ರ ಫೋರ್ಡ್ ಮಸ್ಟ್ಯಾಂಗಿನಲ್ಲಿ ಹಾವಿನಂತೆ ಸುತ್ತಿ ಬಳಸಿ ಹೋಗುವ ಒಂದೇ ಚಪ್ಪಟೆ ಬೆಲ್ಟು ಬಂತು. ಅದಕ್ಕೆ ಮುಂಚೆ ನೀರಿನ ಪಂಪಿಗೊಂದು, ಸ್ಟಿಯರಿಂಗಿಗೊಂದು, ಏರ್ ಕಂಡೀಷನರಿಗೊಂದು ಬೆಲ್ಟು ಇರುತ್ತಿತ್ತು. ಈಗ ಎಲ್ಲಕ್ಕೂ ಒಂದೇ, ಅದನ್ನು ಬಿಗಿಯಾಗಿಡಲು ಸ್ಪ್ರಿಂಗಿನ ತೋಳುಳ್ಳ ಟೆನ್ಷನರು. ಜಾಗ ಉಳಿಯಿತು, ಬೆಲ್ಟಿನ ಆಯುಸ್ಸು ಹೆಚ್ಚಿತು. ಆದರೆ ಕೂಡುಕುಟುಂಬದಲ್ಲಿ ಒಬ್ಬನ ಮುನಿಸು ಎಲ್ಲರನ್ನೂ ತಟ್ಟುವಂತೆ, ಆಲ್ಟರ್ನೇಟರಿನ ಜಗ್ಗಾಟ ಬೆಲ್ಟಿನ ಮೇಲಿನ ಎಲ್ಲ ಯಂತ್ರಗಳಿಗೂ ತಲುಪಿತು. ಟೆನ್ಷನರಿನ ತೋಳು ಪಟಪಟನೆ ಹೊಡೆದುಕೊಳ್ಳುವುದು, ಬೆಲ್ಟು ಕಿಚಕಿಚ ಎನ್ನುವುದು, ಬೇರಿಂಗುಗಳು ಸವೆಯುವುದು ಶುರುವಾಯಿತು.

ಇದೇ ಕಾಲದಲ್ಲಿ ಪೆಟ್ರೋಲು ಉಳಿಸಲು ನಿಂತಾಗಿನ ವೇಗವನ್ನು ತಗ್ಗಿಸಿದರು. ವೇಗ ತಗ್ಗಿದಷ್ಟೂ ಗುದ್ದುಗಳ ಏರುಪೇರು ಹೆಚ್ಚು. ಯೂರೋಪಿನಲ್ಲಿ ಜನಪ್ರಿಯವಾದ ಡೀಸೆಲ್ ಕಾರುಗಳ ಗುದ್ದಂತೂ ಇನ್ನೂ ಜೋರು.

ಮೊದಲ ಉತ್ತರ ಸೈಕಲ್ಲಿನಿಂದ ಬಂದಂತಿತ್ತು. ನಾವು ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲಿನ ಹಿಂದಿನ ಚಕ್ರ ತಿರುಗುತ್ತಲೇ ಇರುತ್ತದಲ್ಲ, ಆ ಫ್ರೀವೀಲಿನಂಥ ಏಕಮುಖ ಕ್ಲಚ್ಚನ್ನು ಪುಲ್ಲಿಯೊಳಗೆ ಇಟ್ಟರು. ಬೆಲ್ಟು ನಿಧಾನವಾದಾಗ ರೋಟರು ತನ್ನ ಪಾಡಿಗೆ ಮುಂದೆ ಓಡಲಿ ಎಂದು. 1990ರ ದಶಕದಲ್ಲಿ ಇಂಥ ಪುಲ್ಲಿಗಳು ಯೂರೋಪಿನ ಕಾರುಗಳಲ್ಲಿ ಬಳಕೆಗೆ ಬಂದವು. ಇದರಿಂದ ಅರ್ಧ ಕಾಟ ತಪ್ಪಿತು. ಬೆಲ್ಟು ಮುನ್ನುಗ್ಗುವಾಗ ಬೀಳುವ ಗುದ್ದು ಹಾಗೆಯೇ ಉಳಿಯಿತು.

ಇನ್ನರ್ಧಕ್ಕೆ ಸ್ಪ್ರಿಂಗು ಬೇಕಿತ್ತು. ಟೊರಾಂಟೊ ಪಕ್ಕದ ವುಡ್‌ಬ್ರಿಜ್ಜಿನ ಲೈಟೆನ್ಸ್ ಆಟೋಮೋಟಿವ್, ಬೆಲ್ಟಿನ ಟೆನ್ಷನರುಗಳಿಗೆ ಹೆಸರಾದ ಕಂಪನಿ. 1992ರಲ್ಲಿ ಅದಕ್ಕೆ ಎರಡು ಅಮೆರಿಕನ್ ಪೇಟೆಂಟುಗಳು ದೊರೆತವು. ಒಂದು, ಪುಲ್ಲಿಗೂ ಆಲ್ಟರ್ನೇಟರಿನ ದಂಡಕ್ಕೂ ನಡುವೆ ಸುರುಳಿ ಸ್ಪ್ರಿಂಗನ್ನು ಇಡುವುದು. ಇನ್ನೊಂದು, ಆ ಸ್ಪ್ರಿಂಗಿನ ಜೊತೆಗೆ ಏಕಮುಖ ಕ್ಲಚ್ಚನ್ನೂ ಸೇರಿಸುವುದು. ಸುಧಾರಿಸಿದ ರೂಪಕ್ಕೆ 2000ದಲ್ಲಿ ಇನ್ನೊಂದು ಪೇಟೆಂಟು ಸಿಕ್ಕಿತು. ಎಡಿಸನ್ ಓಡಿಸಲು ಹೆಣಗಿದ ತಿರುಚುವಿಕೆಗೆ ಇಲ್ಲಿ ಕರೆದು ಮಣೆ ಹಾಕಿದಂತಾಯಿತು.

ಸ್ಪ್ರಿಂಗು ಎಷ್ಟು ಮೆದುವಾಗಿರಬೇಕು?

ಸ್ಪ್ರಿಂಗು ಇಟ್ಟರೆ ಮುಗಿಯಿತೆಂದಲ್ಲ. ತಪ್ಪು ಸ್ಪ್ರಿಂಗು ಇಟ್ಟರೆ ಇರುವ ನಡುಕ ಇಮ್ಮಡಿಯಾಗುತ್ತದೆ. ಪಂಚಮಿ ಹಬ್ಬದ ಜೋಕಾಲಿಯನ್ನು ನೆನೆಸಿಕೊಳ್ಳಿ. ಅದು ಬಂದು ಹೋಗುವ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಆಕಾಶಕ್ಕೇರುತ್ತದೆ. ತಾಳಕ್ಕಿಂತ ಬಹಳ ಬೇಗ ಬೇಗ ತಳ್ಳಿದರೆ ಇದ್ದಲ್ಲೇ ಸ್ವಲ್ಪ ಅಲ್ಲಾಡುತ್ತದೆ, ಅಷ್ಟೆ. ಸ್ಪ್ರಿಂಗು ಮತ್ತು ರೋಟರು ಸೇರಿ ಒಂದು ಜೋಕಾಲಿ. ಅದರ ತಾಳ ಎಂಜಿನ್ನಿನ ಗುದ್ದಿಗಿಂತ ಸಾಕಷ್ಟು ನಿಧಾನವಾಗಿರಬೇಕು.

ಲೆಕ್ಕ ಇಷ್ಟಪಡುವ ನಮ್ಮ ಎಂಜಿನಿಯರ್ ಬಂಧುಗಳಿಗಾಗಿ ಒಂದು ಉದಾಹರಣೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ, ಸುತ್ತಿಗೆ ಎರಡರಂತೆ ಸೆಕೆಂಡಿಗೆ ಸುಮಾರು 27 ಗುದ್ದು. ರೋಟರಿನ ಜಡತ್ವ 0.003 ಕೆ.ಜಿ. ಚದರ ಮೀಟರ್, ಸ್ಪ್ರಿಂಗಿನ ಬಿಗಿತ ರೇಡಿಯನ್ನಿಗೆ 25 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳೋಣ. ಬಿಗಿತವನ್ನು ಜಡತ್ವದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 14.5 ತೂಗಾಟ ಬರುತ್ತದೆ. 27ಕ್ಕೂ 14.5ಕ್ಕೂ ಇರುವ ಈ ಅಂತರದಿಂದ, ಪುಲ್ಲಿಯ ಏರುಪೇರಿನ ಐದರಲ್ಲಿ ಎರಡು ಪಾಲು ಮಾತ್ರ ರೋಟರಿಗೆ ತಲುಪುತ್ತದೆ.

ಹಾಗಾದರೆ ಇನ್ನೂ ಮೆದು ಸ್ಪ್ರಿಂಗು ಏಕೆ ಬೇಡ? ಅದು ಹೊರೆಯನ್ನೂ ಹೊರಬೇಕಲ್ಲ. ಆಲ್ಟರ್ನೇಟರು 14 ವೋಲ್ಟಿನಲ್ಲಿ 100 ಆಂಪಿಯರ್ ಕೊಡುತ್ತಿದ್ದರೆ 1,400 ವ್ಯಾಟ್ ಆಯಿತು. ನೂರಕ್ಕೆ ಅರವತ್ತರ ದಕ್ಷತೆ ಹಿಡಿದರೆ ಬೆಲ್ಟು ಸುಮಾರು 2,330 ವ್ಯಾಟ್ ಕೊಡಬೇಕು. ನಿಮಿಷಕ್ಕೆ 2,400 ಸುತ್ತಿನಲ್ಲಿ ಇದು 9.3 ನ್ಯೂಟನ್ ಮೀಟರಿನ ತಿರುಚುಬಲ. ನಮ್ಮ ಸ್ಪ್ರಿಂಗು ಇದಕ್ಕೆ ಸುಮಾರು 21 ಡಿಗ್ರಿ ತಿರುಚಿಕೊಳ್ಳುತ್ತದೆ. ಅಂಗೈಯಲ್ಲಿ ಅಡಗುವ ಪುಲ್ಲಿಯೊಳಗೆ ಅಷ್ಟು ತಿರುಚಿಕೊಳ್ಳುವ ಸ್ಪ್ರಿಂಗನ್ನು ಕೂರಿಸುವುದೇ ಕಷ್ಟ. ಇನ್ನೂ ಮೆದುವಾದರೆ ಜಾಗ ಸಾಲದು, ತಂತಿ ತಾಳದು. ಸಿಗ್ನಲ್ಲಿನಲ್ಲಿ ನಿಂತ ಕಾರಿನಲ್ಲಿ ಗಂಟೆಗೆ 96,000 ಗುದ್ದು. ನೂರು ಗಂಟೆಗೆ 96 ಲಕ್ಷ. ಪ್ರತಿ ಗುದ್ದಿಗೂ ಸ್ಪ್ರಿಂಗು ಬಳುಕಬೇಕು, ಮುರಿಯಬಾರದು. ಜೊತೆಗೆ ಎಂಜಿನ್ನಿನ ಕಾವು, ನಮ್ಮ ಒಂಟಾರಿಯೋ ರಸ್ತೆಗಳ ಉಪ್ಪುನೀರು.

ಇನ್ನೊಂದು ಅಡ್ಡಿಯಿದೆ. ಕಾರು ಸ್ಟಾರ್ಟ್ ಮಾಡುವಾಗ ಎಂಜಿನ್ನು 200 ಸುತ್ತಿನಿಂದ 800ಕ್ಕೆ ಏರಬೇಕು. ನಡುವೆ 435ರ ಹತ್ತಿರ ಗುದ್ದಿನ ತಾಳ 14.5 ಆಗಿ ಜೋಕಾಲಿಯ ತಾಳಕ್ಕೆ ಸರಿಹೋಗುತ್ತದೆ. ಆರಿಸುವಾಗಲೂ ಅದೇ ಹೊಸಿಲನ್ನು ದಾಟಬೇಕು. ಆ ಕ್ಷಣದಲ್ಲಿ ತೂಗಾಟ ಮಿತಿ ಮೀರದಂತೆ ಬಿಟ್ಟುಕೊಡುವುದು ಏಕಮುಖ ಕ್ಲಚ್ಚು. ಹಿಡಿಯಬೇಕಾದಾಗ ಅದರ ಸುರುಳಿ ಹಿಗ್ಗಿ ಪುಲ್ಲಿಯ ಒಳಗೋಡೆಯನ್ನು ಕಚ್ಚುತ್ತದೆ. ಬಿಡಬೇಕಾದಾಗ ಕುಗ್ಗಿ ಜಾರುತ್ತದೆ. ಸ್ಪ್ರಿಂಗು ಮತ್ತು ಕ್ಲಚ್ಚು ಎರಡೂ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಮುಂದಿನ ದಾರಿ

ಕಥೆ ಇಲ್ಲಿಗೆ ನಿಲ್ಲಲಿಲ್ಲ. 2006ರಲ್ಲಿ ಬಂದ ಸ್ಯಾಟರ್ನ್ ವ್ಯೂ ಗ್ರೀನ್ ಲೈನ್, 2019ರ ರ್‍ಯಾಮ್ 1500 ಮುಂತಾದ ವಾಹನಗಳಲ್ಲಿ ಬೆಲ್ಟಿನ ಮೇಲಿನ ವಿದ್ಯುತ್ ಯಂತ್ರವೇ ಎಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತದೆ, ಆಮೇಲೆ ಅದೇ ವಿದ್ಯುತ್ತು ಹುಟ್ಟಿಸುತ್ತದೆ. ಬಲ ಎರಡೂ ದಿಕ್ಕಿಗೆ ಹರಿಯಬೇಕಾದ್ದರಿಂದ ಏಕಮುಖ ಕ್ಲಚ್ಚು ಅಲ್ಲಿ ನಡೆಯದು. ಇಂಥ ಯಂತ್ರಗಳಿಗಾಗಿ ಎರಡೂ ಕಡೆ ತಿರುಚಿಕೊಳ್ಳುವ ಸ್ಪ್ರಿಂಗಿನ ಪುಲ್ಲಿಗಳು ಹುಟ್ಟಿದವು. ಪೂರ್ತಿ ವಿದ್ಯುತ್ ಕಾರಿನಲ್ಲಂತೂ ಗುದ್ದುವ ಎಂಜಿನ್ನೇ ಇಲ್ಲ. ಅಲ್ಲಿ ಈ ಪುಲ್ಲಿಗೆ ಕೆಲಸವೂ ಇಲ್ಲ.

ಆದರೆ ನಮ್ಮ ಮನೆಗಳ ಮುಂದೆ ನಿಂತಿರುವ ಪೆಟ್ರೋಲು ಕಾರುಗಳು ಇನ್ನೂ ಹಲವು ಚಳಿಗಾಲ ಓಡಬೇಕಾದವು. ಆದ್ದರಿಂದ ಸದಸ್ಯರಿಗೆ ಎರಡು ಮಾತು. ನಿಂತ ಕಾರಿನಲ್ಲಿ ಬೆಲ್ಟು ಅದುರುತ್ತಿದ್ದರೆ, ಟೆನ್ಷನರಿನ ತೋಳು ಕುಣಿಯುತ್ತಿದ್ದರೆ, ಬೆಲ್ಟನ್ನಷ್ಟೇ ಬದಲಿಸಿ ಬರಬೇಡಿ; ಪುಲ್ಲಿಯನ್ನು ಪರೀಕ್ಷಿಸಲು ಹೇಳಿ. ಎಂಜಿನ್ನು ಆರಿಸಿ, ತಕ್ಕ ಉಪಕರಣದಿಂದ ಆಲ್ಟರ್ನೇಟರಿನ ದಂಡವನ್ನು ತಿರುಗಿಸಿದರೆ ಒಂದು ದಿಕ್ಕಿಗೆ ಸ್ಪ್ರಿಂಗಿನ ಬಿಗಿ ತಿಳಿಯಬೇಕು, ಇನ್ನೊಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು. ಎರಡೂ ಕಡೆ ಕಚ್ಚಿಕೊಂಡಿದ್ದರೆ ಅಥವಾ ಎರಡೂ ಕಡೆ ಸಡಿಲವಿದ್ದರೆ ಅದರ ಆಯುಸ್ಸು ಮುಗಿದಂತೆ.

ಸ್ಪ್ರಿಂಗಿನ ಪುಲ್ಲಿಗೆ ಬೆಲೆ ಹೆಚ್ಚು. ಗಟ್ಟಿ ಪುಲ್ಲಿ ಅಗ್ಗಕ್ಕೆ ಸಿಗುತ್ತದೆ, ಅಳತೆಯಲ್ಲಿ ಸರಿಯಾಗಿ ಕೂರಲೂ ಬಹುದು, ಕಾರು ಓಡಲೂ ಓಡುತ್ತದೆ. ಆದರೆ ಆ ಬೆಲ್ಟು, ಟೆನ್ಷನರು, ಬೇರಿಂಗುಗಳೆಲ್ಲ ಸ್ಪ್ರಿಂಗು ಗುದ್ದನ್ನು ನುಂಗುತ್ತದೆ ಎಂಬ ಲೆಕ್ಕದಲ್ಲಿ ರೂಪಿಸಿದವು. ಸ್ಪ್ರಿಂಗು ಇಲ್ಲವಾದರೆ ಗುದ್ದು ಅವುಗಳ ಪಾಲಿಗೆ ಬರುತ್ತದೆ. ಬೆಲ್ಟು ಹರಿದರೆ ನೀರಿನ ಪಂಪೂ ನಿಲ್ಲಬಹುದು, ಆಮೇಲೆ ಎಂಜಿನ್ನಿಗೇ ಅಪಾಯ. ನಿಮ್ಮ ಕಾರಿಗೆ ತಯಾರಕರು ಯಾವ ಬಗೆಯ ಪುಲ್ಲಿ ಹಾಕಿದ್ದರೋ ಅದೇ ಬಗೆಯದನ್ನು ಕೇಳಿ ಹಾಕಿಸಿಕೊಳ್ಳಿ.

ತಾಳಿದವನು ಬಾಳಿಯಾನು ಎನ್ನುತ್ತದೆ ನಮ್ಮ ಗಾದೆ. ಇಪ್ಪತ್ತೇಳು ಟನ್ನಿನ ಜಂಬೋಗಳಿಗೆ ಬಾರದ ತಾಳ್ಮೆಯನ್ನು ಈ ಪುಟ್ಟ ಪುಲ್ಲಿಯ ಸ್ಪ್ರಿಂಗು ಸೆಕೆಂಡಿಗೆ 27 ಸಲ ತೋರಿಸುತ್ತಿದೆ. ಮುಂದಿನ ಸಲ ಬಾನೆಟ್ಟು ಎತ್ತಿದಾಗ ಮಕ್ಕಳಿಗೂ ಒಮ್ಮೆ ತೋರಿಸಿ.