ಮಂಗನ ಕಾಯಿಲೆ: ಪ್ರಯೋಗಾಲಯ ನಿರ್ಣಯ

ಮಂಗನ ಕಾಯಿಲೆ ಅಥವಾ ಕ್ಯಾಸನೂರು ಕಾಡಿನ ಕಾಯಿಲೆಯು ಉಣುಗುಗಳ ಕಡಿತದಿಂದ ಮನುಷ್ಯನಿಗೆ ತಗಲುವ, ಫ್ಲೇವಿವೈರಸ್ ವರ್ಗದ ವೈರಾಣುವೊಂದರಿಂದ ಉಂಟಾಗುವ ತೀವ್ರ ಜ್ವರ. ರಕ್ತದಲ್ಲಿ ವೈರಾಣು ಕ್ಷೀಣಿಸುತ್ತ ಬಂದಂತೆ ಒಂದು ಪರೀಕ್ಷೆಯ ಸೂಕ್ಷ್ಮತೆ ಕುಗ್ಗಿ, ಪ್ರತಿಕಾಯಗಳು ಮೂಡುತ್ತ ಹೋದಂತೆ ಇನ್ನೊಂದರದು ವರ್ಧಿಸುವುದರಿಂದ, ಇದರ ನಿರ್ಣಯದಲ್ಲಿ ನಿಖರತೆಯೆಂಬುದು ಪರೀಕ್ಷೆಯನ್ನು ಎಷ್ಟು ಅವಲಂಬಿಸಿದೆಯೋ ರಕ್ತ ತೆಗೆದ ದಿನವನ್ನೂ ಅಷ್ಟೇ ಅವಲಂಬಿಸಿದೆ.

ಇತಿಹಾಸ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಯತೊಡಗಿ, ಸುತ್ತಲ ಹಳ್ಳಿಗರು ಜ್ವರಪೀಡಿತರಾದಾಗ, ಏಷ್ಯಾ ಖಂಡವು ಅದುವರೆಗೆ ಕಾಣದ ಹಳದಿ ಜ್ವರವೇ ಬಂದಿತೆಂಬ ಶಂಕೆ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಸಹೋದ್ಯೋಗಿಗಳು ವೈರಾಣುವನ್ನು ಬೇರ್ಪಡಿಸಿ, ಅದು ರಷ್ಯಾದ ವಸಂತ-ಗ್ರೀಷ್ಮ ಮಿದುಳುರಿತದ ವೈರಾಣುವಿಗೆ ಹತ್ತಿರದ್ದೆಂದು ತೋರಿಸಿದರು. ಎಳೆಯ ಸುಂಡಿಲಿ ಮರಿಗಳ ಮಿದುಳಿಗೆ ರೋಗಿಯ ರಕ್ತವನ್ನು ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ಕಾಯುವುದು ಅಂದಿನ ಕ್ರಮ. ರಕ್ತದಲ್ಲಿ ಸಜೀವ ವೈರಾಣು ಇರುವಷ್ಟು ದಿನ ಮಾತ್ರ ಅದು ಫಲಿಸುತ್ತಿತ್ತು.

ಆ ದಿನಗಳು ಕಳೆದ ಮೇಲೆ ಉಳಿಯುತ್ತಿದ್ದ ದಾರಿ ಪ್ರತಿಕಾಯಗಳ ಮಾಪನ. 1958ರಲ್ಲಿ ಕ್ಲಾರ್ಕ್ ಮತ್ತು ಕ್ಯಾಸಾಲ್ಸ್ ಎಂಬ ವಿಜ್ಞಾನಿಗಳು ಸುವ್ಯವಸ್ಥಿತಗೊಳಿಸಿದ ವಿಧಾನದಲ್ಲಿ, ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ವೈರಾಣು ಒಂದುಗೂಡಿಸುವುದನ್ನು ರೋಗಿಯ ಸೀರಮ್ ಎಷ್ಟರಮಟ್ಟಿಗೆ ತಡೆಯುವುದೆಂದು ನೋಡುತ್ತಿದ್ದರು. ಆದರೆ ಸೀರಮ್‌ನಲ್ಲಿ ಸಹಜವಾಗಿಯೇ ಇರುವ ಪ್ರತಿಬಂಧಕಗಳನ್ನು ಅಸಿಟೋನ್‌ನಿಂದಲೋ ಕೆಯೋಲಿನ್ ಜೇಡಿಯಿಂದಲೋ ಮೊದಲು ನಿವಾರಿಸದಿದ್ದರೆ, ಅಥವಾ ದ್ರಾವಣದ ಆಮ್ಲೀಯತೆಯಲ್ಲಿ ಕಿಂಚಿತ್ ವ್ಯತ್ಯಾಸವಾದರೆ, ಫಲಿತಾಂಶ ಕೆಡುತ್ತಿತ್ತು. ಜ್ವರದ ಆರಂಭದಲ್ಲೊಮ್ಮೆ, ಎರಡು-ಮೂರು ವಾರಗಳ ಅನಂತರ ಮತ್ತೊಮ್ಮೆ ತೆಗೆದ ರಕ್ತಗಳಲ್ಲಿ ಪ್ರತಿಕಾಯದ ಪ್ರಮಾಣ ನಾಲ್ಕು ಪಟ್ಟಾದರೂ ಏರಿದ್ದರೆ ಸೋಂಕು ಹೊಸದೆಂದು ಗಣಿಸುತ್ತಿದ್ದರು. ಈ ತೀರ್ಪು ಬರುವ ಹೊತ್ತಿಗೆ ರೋಗಿ ಗುಣಮುಖನಾಗಿಯೋ ಗತಿಸಿಯೋ ಇರುತ್ತಿದ್ದುದರಿಂದ, ಚಿಕಿತ್ಸೆಗಿಂತ ಪಿಡುಗಿನ ಅಧ್ಯಯನಕ್ಕೆ ಅದು ಹೆಚ್ಚು ಉಪಕರಿಸಿತೆನ್ನಬಹುದು. ಡೆಂಗಿ, ಜಪಾನೀ ಮಿದುಳುಜ್ವರ ಮುಂತಾದ ಸಗೋತ್ರ ವೈರಾಣುಗಳ ಹಳೆಯ ಪ್ರತಿಕಾಯಗಳೂ ಇದರಲ್ಲಿ ಪ್ರತಿಕ್ರಿಯಿಸುತ್ತಿದ್ದುವು.

ಈಗಿನ ಪರೀಕ್ಷೆಗಳು

ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆ ಜ್ವರದ ಮೊದಲ ವಾರದಲ್ಲಿ ಅತ್ಯಂತ ವಿಶ್ವಸನೀಯ. ಡೆಂಗಿಯಲ್ಲಿ ವೈರಾಣು ಸಾಮಾನ್ಯವಾಗಿ ಐದಾರು ದಿನಗಳಲ್ಲಿ ರಕ್ತದಿಂದ ಮರೆಯಾದರೆ, ಇಲ್ಲಿ ಹತ್ತು-ಹನ್ನೆರಡು ದಿನಗಳವರೆಗೂ ಉಳಿಯಬಲ್ಲುದು. ಐಜಿಎಂ ಪ್ರತಿಕಾಯವನ್ನು ಹಿಡಿಯುವ ಎಲೈಸಾ ಸುಮಾರು ಐದನೆಯ ದಿನದಿಂದ ಸಾರ್ಥಕವಾಗತೊಡಗುವುದು. ಅದಕ್ಕೂ ಮುನ್ನ ಬಂದ ‘ಇಲ್ಲ’ ಎಂಬ ಉತ್ತರ ಸೋಂಕನ್ನು ಅಲ್ಲಗಳೆಯದು. ಕೆಲವು ರೋಗಿಗಳಲ್ಲಿ ಒಂದೆರಡು ವಾರಗಳ ವಿರಾಮದ ಅನಂತರ ಜ್ವರವು ನರಮಂಡಲದ ಲಕ್ಷಣಗಳೊಡನೆ ಮರುಕಳಿಸಿದಾಗ ಪಿಸಿಆರ್ ಬಹುಮಟ್ಟಿಗೆ ನಿಷ್ಫಲವಾಗಿ, ಐಜಿಎಂ ಒಂದೇ ಆಸರೆಯಾಗುತ್ತದೆ. ಆದರೆ ಐಜಿಎಂ ಕೆಲವು ತಿಂಗಳು ರಕ್ತದಲ್ಲಿ ನಿಲ್ಲುವುದರಿಂದ, ಅದರ ಇರವು ಸದ್ಯದ ಜ್ವರಕ್ಕೆ ಇದೇ ಕಾರಣವೆಂಬುದನ್ನು ತಾನಾಗಿಯೇ ಸ್ಥಾಪಿಸಲಾರದು.

ಋತುಮಾನ

ಡಿಸೆಂಬರಿನಿಂದ ಮೇ ವರೆಗೆ, ಉಣುಗಿನ ಮರಿಗಳು ಹೆಚ್ಚುವ ಕಾಲದಲ್ಲಿ, ಮಲೆನಾಡಿನ ಜ್ವರಪೀಡಿತನಲ್ಲಿ ಬಂದ ‘ಇದೆ’ ಎಂಬ ಉತ್ತರಕ್ಕೆ ಇರುವ ತೂಕ ಮಳೆಗಾಲದಲ್ಲಿ ಇರದು. ರೋಗ ವಿರಳವಾದಂತೆ, ಅದೇ ಪರೀಕ್ಷೆಯ ಸಕಾರಾತ್ಮಕ ಫಲಿತಾಂಶಗಳಲ್ಲಿ ಹುಸಿಯಾದುವುಗಳ ಪಾಲು ಏರುತ್ತದೆ. ಹೀಗೆ ಫಲಿತಾಂಶದ ಅರ್ಥ ಜ್ವರದ ದಿನವನ್ನೂ ಋತುವನ್ನೂ ಅವಲಂಬಿಸಿರುವುದರಿಂದ, ಜ್ವರ ಆರಂಭವಾದ ದಿನಾಂಕವನ್ನು ನಮೂದಿಸದೆ ಕಳುಹಿಸಿದ ರಕ್ತದ ಮಾದರಿಯಿಂದ ಬಂದ ಫಲಿತಾಂಶವನ್ನು ಅಪೂರ್ಣವೆಂದೇ ಭಾವಿಸತಕ್ಕದ್ದು.