ಕಳೆದುಹೋದ ಉದ್ಧರಣ ಚಿಹ್ನೆಗಳು

ಚೆನ್ನೈನ ಬೆಸೆಂಟ್ ನಗರಕ್ಕೆ ಹೋದವರು ಸಾಮಾನ್ಯವಾಗಿ ಎಲಿಯಟ್ಸ್ ಬೀಚು ನೋಡಿ, ಅಷ್ಟಲಕ್ಷ್ಮಿ ಗುಡಿಯಲ್ಲಿ ಕೈಮುಗಿದು ವಾಪಸಾಗುತ್ತಾರೆ. ಬಡಾವಣೆಗೆ ಹೆಸರು ಬಂದದ್ದು ಆನಿ ಬೆಸೆಂಟ್ ಅವರಿಂದ. 1907ರಿಂದ 1933ರಲ್ಲಿ ತೀರಿಕೊಳ್ಳುವವರೆಗೂ ಅವರು ಅಧ್ಯಕ್ಷರಾಗಿದ್ದ ಥಿಯಾಸಾಫಿಕಲ್ ಸೊಸೈಟಿಯ ಕೇಂದ್ರ ಇಲ್ಲಿಂದ ಉತ್ತರಕ್ಕೆ, ಅಡಯಾರ್ ನದಿಯ ದಂಡೆಯಲ್ಲಿದೆ. ದೊಡ್ಡ ಆಲದಮರಕ್ಕೂ 1886ರಲ್ಲಿ ಶುರುವಾದ ಗ್ರಂಥಾಲಯಕ್ಕೂ ಹೆಸರಾದ ಜಾಗ ಅದು. ಕೃತಿಚೌರ್ಯದ ಚರಿತ್ರೆಯಲ್ಲೂ ಅದಕ್ಕೊಂದು ಅಧ್ಯಾಯವಿದೆ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಈಗ ಅದನ್ನು ನೆನೆಯಲು ಕಾರಣವಿದೆ. ಪಿಎಚ್.ಡಿ. ಮಾಡುತ್ತಿರುವವರು ಇಬ್ಬರು ಸೇರಿದರೆ ಬರುವ ಪ್ರಶ್ನೆ: ‘ನಿಂದು ಎಷ್ಟು ಪರ್ಸೆಂಟ್ ಬಂತು?’ ತಂತ್ರಾಂಶ ಕೊಡುವ ಹೋಲಿಕೆಯ ಅಂಕಿ ಅದು. ಹತ್ತರೊಳಗೆ ಬಂದರೆ ನಿಟ್ಟುಸಿರು, ಮೀರಿದರೆ ನಿದ್ದೆಯಿಲ್ಲ. ಪ್ರಾಮಾಣಿಕತೆಯನ್ನು ಅಂಕಿಯಲ್ಲಿ ಅಳೆಯಬಹುದೇ? ಯಂತ್ರ ಬರುವುದಕ್ಕೆ ನೂರು ವರ್ಷ ಮೊದಲೇ ಈ ಪ್ರಶ್ನೆ ಅಡಯಾರಿನ ಬಾಗಿಲು ತಟ್ಟಿತ್ತು.

ಸೊಸೈಟಿ ಬೊಂಬಾಯಿಯಿಂದ ಅಡಯಾರಿಗೆ ಬಂದದ್ದು 1882ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದಿನ ವರ್ಷ ಎ.ಪಿ. ಸಿನೆಟ್ ಎಂಬ ಇಂಗ್ಲಿಷ್ ಪತ್ರಕರ್ತರು ‘ದಿ ಅಕಲ್ಟ್ ವರ್ಲ್ಡ್’ ಎಂಬ ಪುಸ್ತಕ ಪ್ರಕಟಿಸಿದ್ದರು. ಸೊಸೈಟಿಯ ಸ್ಥಾಪಕಿ ಬ್ಲಾವಟ್ಸ್ಕಿ ಅವರ ಗುರುಗಳೆಂದು ಹೇಳಲಾಗುತ್ತಿದ್ದ ಕೂಟ್ ಹೂಮಿ ಎಂಬ ಮಹಾತ್ಮರ ಪತ್ರಗಳು ಅದರಲ್ಲಿದ್ದವು. 1883ರ ಸೆಪ್ಟೆಂಬರ್ 1ರಂದು ಲಂಡನ್ನಿನ ‘ಲೈಟ್’ ಪತ್ರಿಕೆಯಲ್ಲಿ ಹೆನ್ರಿ ಕಿಡ್ಲ್ ಎಂಬ ಅಮೆರಿಕನ್ನರ ದೂರು ಅಚ್ಚಾಯಿತು. ಮಹಾತ್ಮರ ಪತ್ರವೊಂದರ ಕೆಲವು ಭಾಗ, 1880ರ ಆಗಸ್ಟ್ 15ರಂದು ತಾವು ಲೇಕ್ ಪ್ಲೆಸೆಂಟ್‌ನಲ್ಲಿ ಮಾಡಿದ ಭಾಷಣದ್ದೇ ಎಂದರು ಅವರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಲಿಗೆ ಸಾಲು ಹೊಂದುತ್ತಿದ್ದವು. ಅಲ್ಲಲ್ಲಿ ಕೆಲವು ಪದಗಳಷ್ಟೇ ಬೇರೆ. ಕಿಡ್ಲ್ ಹಿಂದೆ ನ್ಯೂಯಾರ್ಕ್ ನಗರದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು. ನಕಲು ಹಿಡಿದದ್ದು ಒಬ್ಬ ಮೇಷ್ಟ್ರೇ ಎನ್ನಬಹುದು.

ಬಂದ ಸಮಜಾಯಿಷಿ ಇದು: ದೀರ್ಘ ಪ್ರಯಾಣದಿಂದ ದಣಿದಿದ್ದ ಮಹಾತ್ಮರು ಪತ್ರವನ್ನು ಮನಸ್ಸಿನಿಂದಲೇ ಕಿರಿಯ ಶಿಷ್ಯನೊಬ್ಬನಿಗೆ ಹೇಳಿ ಬರೆಸಿದರು. ಆಗ ಕೆಲವು ವಾಕ್ಯಗಳು ಮೂಡಲೇ ಇಲ್ಲ. ಕಿಡ್ಲ್ ಮಾತನ್ನು ಎತ್ತಿಕೊಂಡು ವಿಮರ್ಶಿಸುವುದು ಉದ್ದೇಶವಾಗಿತ್ತು. ಉದ್ಧರಣೆ ಉಳಿಯಿತು, ಉದ್ಧರಣೆ ಎಂಬ ಗುರುತು ಹೋಯಿತು. ಇದನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಪಾಠ ಮಾಡುವವರಿಗಂತೂ ಇದು ಪರಿಚಿತ ಉತ್ತರ. ‘ಕೋಟ್ ಹಾಕೋದು ಮರೆತೆ ಸಾರ್’ ಎಂಬ ಮಾತು ಪ್ರತಿ ಸೆಮಿಸ್ಟರಿನಲ್ಲೂ ಕೇಳಿಬರುತ್ತದೆ. ಕೆಲವೊಮ್ಮೆ ಸುಳ್ಳು, ಕೆಲವೊಮ್ಮೆ ನಿಜ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗುಮಾಸ್ತರಾಗಿದ್ದ ವಿಲಿಯಂ ಎಮೆಟ್ ಕೋಲ್ಮನ್, ಬ್ಲಾವಟ್ಸ್ಕಿಯವರ 1877ರ ‘ಐಸಿಸ್ ಅನ್‌ವೇಲ್ಡ್’ ಎಂಬ ಎರಡು ಸಂಪುಟಗಳ ಗ್ರಂಥವನ್ನು ಹಳೆಯ ಪುಸ್ತಕಗಳ ಜೊತೆ ಇಟ್ಟು ಹೋಲಿಸುತ್ತ ಹೋದರು. 1895ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಗ್ರಂಥದಲ್ಲಿ ಸುಮಾರು 2,000 ಭಾಗಗಳು ಸರಿಯಾದ ಋಣಸ್ಮರಣೆಯಿಲ್ಲದೆ ಬಂದಿದ್ದವು. ಸುಮಾರು 1,400 ಪುಸ್ತಕಗಳ ಹೆಸರು ಅಲ್ಲಿದ್ದರೂ ನಿಜಕ್ಕೂ ಬಳಸಿದ್ದು ನೂರರಷ್ಟನ್ನು ಮಾತ್ರ ಎಂದೂ ಅವರು ಬರೆದರು. ಅಂದರೆ, ಬೇರೆ ಯಾರೋ ಓದಿ ಎತ್ತಿಕೊಂಡ ಮಾತನ್ನು ತೆಗೆದುಕೊಂಡು, ಮೂಲವನ್ನು ತಾನೇ ಓದಿದಂತೆ ತೋರಿಸುವುದು. ಕೋಲ್ಮನ್ ತಟಸ್ಥ ಪರೀಕ್ಷಕರಲ್ಲ, ಸೊಸೈಟಿಯ ಕಟು ವಿರೋಧಿ. ಪೂರ್ತಿ ಪುರಾವೆಯನ್ನು ಪುಸ್ತಕವಾಗಿ ಕೊಡುತ್ತೇನೆಂದವರು ಕೊಡಲೂ ಇಲ್ಲ. ಬ್ಲಾವಟ್ಸ್ಕಿಯವರಾದರೂ 1891ರಲ್ಲಿ, ಸಾಯುವ ಕೆಲವೇ ದಿನ ಮೊದಲು, ತಮ್ಮ ಪುಸ್ತಕಗಳ ಬಗ್ಗೆ ಬರೆಯುತ್ತ ಆ ಗ್ರಂಥದ ಲೋಪಗಳನ್ನು ಒಪ್ಪಿಕೊಂಡಿದ್ದರು: ಆಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಪುಸ್ತಕ ಬರೆಯುವ ನಿಯಮಗಳೂ ಗೊತ್ತಿರಲಿಲ್ಲ ಎಂದು.

ಅಂದರೆ ಇವತ್ತು ತರಗತಿಯಲ್ಲಿ ಎದುರಾಗುವ ಮೂರೂ ಪ್ರಶ್ನೆಗಳು ಈ ಹಳೆಯ ಜಗಳದಲ್ಲಿ ಇದ್ದವು. ಹೊಂದಿಕೆ ಇದೆಯೇ? ಇದ್ದರೆ ಅದು ಮೋಸವೇ, ಅಜ್ಞಾನವೇ? ಅದನ್ನು ತೀರ್ಮಾನಿಸುವವರು ಯಾರು?

ತಂತ್ರಾಂಶ ಉತ್ತರಿಸುವುದು ಮೊದಲನೆಯದನ್ನು ಮಾತ್ರ. 1990ರ ದಶಕದಲ್ಲಿ ಪ್ರೋಗ್ರಾಮಿಂಗ್ ತರಗತಿಗಳಿಗೆ ಮಾಸ್ ಬಂತು, ಪ್ರಬಂಧಗಳಿಗೆ ಟರ್ನಿಟಿನ್ ಬಂತು. ಇಂಥ ತಂತ್ರಾಂಶಗಳು ಕೋಲ್ಮನ್ ವರ್ಷಗಟ್ಟಲೆ ಮಾಡಿದ್ದನ್ನು ನಿಮಿಷಗಳಲ್ಲಿ ಮಾಡುತ್ತವೆ. ಬರಹವನ್ನು ಚಿಕ್ಕ ಚಿಕ್ಕ ತುಣುಕು ಮಾಡಿ, ಪ್ರತಿ ತುಣುಕಿಗೂ ಬೆರಳಚ್ಚಿನಂಥ ಸಂಖ್ಯೆ ಕೊಟ್ಟು, ಸಂಗ್ರಹದಲ್ಲಿರುವ ಬೆರಳಚ್ಚುಗಳ ಜೊತೆ ತಾಳೆ ನೋಡುತ್ತವೆ. ‘ಕಾವೇರಿ ನದಿಯು ಕೊಡಗಿನ ತಲಕಾವೇರಿಯಲ್ಲಿ ಹುಟ್ಟುತ್ತದೆ’ ಎಂದು ಬರೆದರೂ ಹೊಂದಿಕೆ ಸಿಗುತ್ತದೆ. ಅದರಲ್ಲಿ ಕಳ್ಳತನವೇನೂ ಇಲ್ಲ. ಇನ್ನೊಬ್ಬರ ವಾದವನ್ನು ಪೂರ್ತಿ ಕದ್ದು ಪದ ಬದಲಿಸಿದರೆ ಹೊಂದಿಕೆ ಸಿಗದೇ ಹೋಗಬಹುದು, ಅಲ್ಲಿ ಕಳ್ಳತನವಿದೆ. ನಮ್ಮ ಹಿಂದಿನವರಿಗೆ ಈ ವ್ಯತ್ಯಾಸ ಗೊತ್ತಿತ್ತು. ಸಾವಿರ ವರ್ಷದ ಹಿಂದೆಯೇ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದವನ್ನು ಕದಿಯುವುದನ್ನೂ ಅರ್ಥವನ್ನು ಕದಿಯುವುದನ್ನೂ ಬೇರೆ ಬೇರೆಯಾಗಿಯೇ ಚರ್ಚಿಸಿದ್ದ.

ನಮ್ಮ ದೇಶದಲ್ಲಿ ಅಂಕಿಗೆ ಕಾನೂನಿನ ಬಲ ಬಂದದ್ದು ಯುಜಿಸಿಯ 2018ರ ನಿಯಮಾವಳಿಯಿಂದ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಎತ್ತಿಕೊಂಡ ಮಾತು, ಗ್ರಂಥಋಣ, ಮುನ್ನುಡಿಗಳನ್ನು ಲೆಕ್ಕದಿಂದ ಬಿಡಬೇಕು. ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆಗೂ ವಿನಾಯಿತಿ ಇದೆ. 2019ರಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ‘ಶೋಧಶುದ್ಧಿ’ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ತಂತ್ರಾಂಶ ಕೊಡತೊಡಗಿತು. ಮೊದಲು ಸ್ವೀಡನ್ನಿನ ಉರ್‌ಕುಂಡ್, ಆಮೇಲೆ ಬೆಂಗಳೂರಿನ ಡ್ರಿಲ್‌ಬಿಟ್.

ಆದರೆ ಇದೇ ನಿಯಮಾವಳಿ ಅಸೈನ್‌ಮೆಂಟು, ಟರ್ಮ್ ಪೇಪರು, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಬರೆಯುವ ಅಭ್ಯಾಸ ಬೆಳೆಯುವುದೇ ಅಲ್ಲಿ. ನಮ್ಮ ಹುಡುಗಿಯೊಬ್ಬಳು ಒಂದನೇ ಕ್ಲಾಸಿನಿಂದ ಡಿಗ್ರಿಯವರೆಗೆ ನೋಟ್ಸು, ಗೈಡು ಬಾಯಿಪಾಠ ಮಾಡಿ, ಇದ್ದದ್ದನ್ನು ಇದ್ದಹಾಗೇ ಬರೆದು ಒಳ್ಳೆಯ ಅಂಕ ಪಡೆಯುತ್ತಾಳೆ. ‘ಸ್ವಂತ ವಾಕ್ಯದಲ್ಲಿ ಬರೆ’ ಎಂಬ ಮಾತು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ಹದಿನೈದು ವರ್ಷ ಮೆಚ್ಚುಗೆ ಪಡೆದ ಅದೇ ಕೆಲಸಕ್ಕೆ ಸಂಶೋಧನೆಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಕಳ್ಳಿ ಎನಿಸಿಕೊಳ್ಳುತ್ತಾಳೆ. ತಪ್ಪು ಅವಳದ್ದಲ್ಲ ಎನ್ನುತ್ತಿಲ್ಲ, ಅವಳೊಬ್ಬಳದ್ದೇ ಅಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೊಂದು ಬಗೆಯದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಪ್ರಬಂಧ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನೊಳಗೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿರುವ ಅದೇ ವಾಕ್ಯದ ಜೊತೆ ಅದು ತಾಳೆಯಾಗುವುದಿಲ್ಲ. ಹಳೆಯ ಪ್ರಬಂಧಗಳ ಸ್ಕ್ಯಾನ್ ಪ್ರತಿ ಯಂತ್ರಕ್ಕೆ ಬರೀ ಚಿತ್ರ. ಇಂಗ್ಲಿಷ್ ಪುಸ್ತಕವನ್ನು ಸದ್ದಿಲ್ಲದೆ ಅನುವಾದಿಸಿಕೊಂಡರೆ ಪದಗಳ ಹೋಲಿಕೆಗೆ ಸಿಕ್ಕಿಬೀಳುವುದೂ ಕಷ್ಟ. ಹೀಗೆ ಬಂದ ‘ಶೇ. 2’ ಪ್ರಾಮಾಣಿಕತೆಗೆ ಸಿಕ್ಕ ಪ್ರಮಾಣಪತ್ರವಲ್ಲ. ಯಂತ್ರ ಅಷ್ಟನ್ನೇ ಓದಿತು ಎಂದಷ್ಟೇ ಅದರ ಅರ್ಥ.

ಹಾಗಾದರೆ ತಂತ್ರಾಂಶ ಬೇಡವೇ? ಬೇಕು. ಆದರೆ ಕೊನೆಯ ದಿನದ ಪೊಲೀಸಿನಂತಲ್ಲ, ಮೊದಲ ಕರಡಿನ ಜೊತೆಗಾರನಂತೆ. ಬಿ.ಎ. ಮೊದಲ ವರ್ಷದ ಪುಟ್ಟ ಪ್ರಬಂಧವನ್ನೇ ಅದಕ್ಕೆ ಕೊಟ್ಟು, ಬಣ್ಣ ಬಳಿದ ವರದಿಯನ್ನು ವಿದ್ಯಾರ್ಥಿಯ ಮುಂದಿಟ್ಟು ಮೇಷ್ಟ್ರು ಹತ್ತು ನಿಮಿಷ ಕೂತರೆ ಸಾಕು. ‘ಈ ಸಾಲು ಯಾರದ್ದಮ್ಮಾ? ಆ ಪುಸ್ತಕ ನೀನು ನೋಡಿದ್ದೀಯಾ? ಅವರು ಹೇಳಿದ್ದಕ್ಕೆ ನೀನೇನನ್ನುತ್ತೀ?’ ಕೇಳಬೇಕಾದ ಪ್ರಶ್ನೆಗಳು ಇಷ್ಟೇ. ಉತ್ತರ ಹುಡುಕುವಷ್ಟರಲ್ಲಿ ಅವಳು ಸಂಶೋಧನೆ ಶುರುಮಾಡಿರುತ್ತಾಳೆ. ನೂರು ಮಂದಿಯ ತರಗತಿಯಲ್ಲಿ ಅತಿಥಿ ಉಪನ್ಯಾಸಕರೊಬ್ಬರಿಗೆ ಆ ಹತ್ತು ನಿಮಿಷ ಎಲ್ಲಿಂದ ಸಿಗಬೇಕು ಎಂಬುದು ನ್ಯಾಯವಾದ ಪ್ರಶ್ನೆ. ತಂತ್ರಾಂಶಕ್ಕೆ ಹಣ ಒದಗಿಸುವ ವ್ಯವಸ್ಥೆ ಆ ಸಮಯವನ್ನೂ ಒದಗಿಸಬೇಕು.

ಕಿಡ್ಲ್ ನೇರವಾಗಿ ಪತ್ರಿಕೆಗೆ ಹೋದವರಲ್ಲ. ಮೊದಲು ಪ್ರಕಾಶಕರ ಮೂಲಕ ಸಿನೆಟ್ ಅವರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ ಎಂಬುದು ಅವರ ದೂರಿನಲ್ಲೇ ಇತ್ತು. ಹೊಂದಿಕೆ ಅವರ ಕಣ್ಣಿಗೆ ಆಗಲೇ ಬಿದ್ದಿತ್ತು. ಅವರಿಗೆ ಬೇಕಿದ್ದದ್ದು ಎದುರು ಕೂತು ಉತ್ತರ ಹೇಳುವ ಒಬ್ಬ ಮನುಷ್ಯ.